ಅಡ್ಡಾಡುವವರ ಬೆನ್ನ ಹಿಂದೆ

ಮುಂದೆ ಒಂದು ಬೆನ್ನು ಹೋಗುತ್ತಿದೆ. ಹೋಗುತ್ತಿದೆ ಅನ್ನುವುದು ಮರ್ಯಾದೆಗೆ ಆಡುವ ಮಾತು. ಸರಿಯಾಗಿ ಹೇಳಬೇಕೆಂದರೆ ಅದು ಅಲ್ಲಿ ಇದೆ, ಅಷ್ಟೆ. ಕಾಲುದಾರಿ ಕಿರಿದು. ನಿಮಗೆ ಹೊತ್ತಾಗಿದೆ. ಬಲಗಡೆಯಿಂದ ದಾಟಿಬಿಡೋಣ ಎಂದು ಅರ್ಧ ಹೆಜ್ಜೆ ಸರಿದರೆ, ಬೆನ್ನಿಗೂ ಕಣ್ಣಿದೆಯೇನೋ ಎಂಬಂತೆ ಅದೂ ಬಲಕ್ಕೆ ವಾಲುತ್ತದೆ. ಸರಿ, ಎಡಕ್ಕೆ ಬಂದಿರಿ. ಅದಕ್ಕೂ ಈಗ ಎಡಗಡೆಯ ಮೇಲೆ ಪ್ರೀತಿ ಹುಟ್ಟಿದೆ. ಗಂಟಲು ಸರಿಮಾಡಿಕೊಂಡರೆ ಕೇಳಿಸದು. 'ಸ್ವಲ್ಪ ದಾರಿ' ಎಂದರೆ ನಿಂತು, ನಿಧಾನಕ್ಕೆ ತಿರುಗಿ, 'ಎಲ್ಲಿಗೆ ಹೋಗಬೇಕಿತ್ತು?' ಎಂದು ವಿಳಾಸ ಹೇಳಲು ಸಿದ್ಧರಾಗುತ್ತಾರೆ. ಕೊನೆಗೆ ನೀವು ಕೈಯಲ್ಲಿ ಹಗ್ಗವಿಲ್ಲದಿದ್ದರೂ ತೇರು ಎಳೆಯುವವರ ಹಾಗೆ, ಇಂಚಿಂಚೇ ಮುಂದೆ ಸಾಗುತ್ತೀರಿ.

ಇಂಥ ಹೊತ್ತಿನಲ್ಲಿ ಬಾಯಿ ಒಂದು ಬೈಗುಳ ಹುಡುಕುತ್ತದೆ. ಹುಡುಕಬೇಕಾಗಿಲ್ಲ, ಕನ್ನಡ ಈ ಕೆಲಸ ಮಾಡಿಟ್ಟು ಬಹಳ ಕಾಲವಾಯಿತು. ಹೀಗೆ ನಡೆಯುವುದಕ್ಕೆ ಅಡ್ಡಾಡುವುದು ಎಂದು ಹೆಸರು.

ಸಂಧಿ ಬಿಡಿಸಿ ನೋಡಿ: ಅಡ್ಡ, ಆಡು. ಲೋಪಸಂಧಿ. ಇಲ್ಲಿ ಲೋಪವಾಗುವುದು ಒಂದು ಅಕಾರ ಮಾತ್ರ ಎಂದು ಶಾಲೆಯಲ್ಲಿ ಹೇಳಿಕೊಡುತ್ತಾರೆ. ಹಿಂದೆ ಬರುವವರ ತಾಳ್ಮೆಯ ಲೋಪ ಪಠ್ಯದಲ್ಲಿಲ್ಲ. ಅಡ್ಡ ಎಂದರೆ ನೆಟ್ಟಗಿಲ್ಲದ್ದು, ದಾರಿಯನ್ನು ಕತ್ತರಿಸಿಕೊಂಡು ಬಿದ್ದಿರುವುದು. ಅದರ ಸಂಸಾರ ದೊಡ್ಡದು, ಆದರೆ ನೆಟ್ಟಗಿರುವವರು ಒಬ್ಬರಿಲ್ಲ: ಅಡ್ಡಿ, ಅಡ್ಡಗಾಲು, ಅಡ್ಡಗೋಡೆ, ಅಡ್ಡದಾರಿ, ಅಡ್ಡಕಸುಬಿ, ಅಡ್ಡಾದಿಡ್ಡಿ. ಮನೆತನದ ಮರ್ಯಾದೆ ಉಳಿಸಿರುವುದು ಅಡ್ಡಬೀಳುವುದೊಂದೇ. ಅದರಲ್ಲೂ ಬಿದ್ದವರು ಏಳುವತನಕ ಹಿಂದಿನವರು ಕಾಯಲೇಬೇಕು.

ಇನ್ನು ಆಡು. ಸೊಪ್ಪು ತಿನ್ನುವ ಆಡಲ್ಲ, ಅದು ಬೇರೆಯೇ ಪದ (ಮುಂದಿನವರ ನಡಿಗೆ ನೋಡಿದರೆ ಅದೇ ಇರಬಹುದೇ ಎಂಬ ಅನುಮಾನ ಬರುವುದುಂಟು). ಇದು ಅಲುಗು, ಆಟವಾಡು, ಮಾತಾಡು ಎಂಬ ಅರ್ಥಗಳ ಕ್ರಿಯಾಪದ. ಇನ್ನೊಂದು ಕ್ರಿಯಾಪದದ ಬಾಲಕ್ಕೆ ಅಂಟಿಕೊಂಡಾಗ ಇದು ಒಂದು ಕಿತಾಪತಿ ಮಾಡುತ್ತದೆ. ಗುರಿಯನ್ನು ಕಿತ್ತುಹಾಕಿ, ಕೆಲಸವನ್ನು ಮಾತ್ರ ಅತ್ತಿಂದಿತ್ತ ನಡೆಸುತ್ತಲೇ ಇರುತ್ತದೆ. ಹಾರುವ ಹಕ್ಕಿ ಎಲ್ಲಿಗೋ ಹೋಗಿ ಮುಟ್ಟುತ್ತದೆ. ಹಾರಾಡುವ ನೊಣ ನಿಮ್ಮ ತಟ್ಟೆಯ ಮೇಲೆಯೇ ಇರುತ್ತದೆ. ಹುಡುಕಿದ್ದು ಸಿಗಬಹುದು, ಹುಡುಕಾಡುವವರ ಕನ್ನಡಕ ಅವರ ಹಣೆಯ ಮೇಲೆಯೇ ಕುಳಿತಿರುತ್ತದೆ. ಓಡಿದವರು ಬಸ್ಸು ಹಿಡಿಯುತ್ತಾರೆ. 'ಓಡಾಡಿ ಓಡಾಡಿ ಸಾಕಾಯ್ತು' ಅನ್ನುವವರು ಒಂದು ಹೆಜ್ಜೆಯನ್ನೂ ಓಡಿರುವುದಿಲ್ಲ, ಒಂದು ಸಹಿಗಾಗಿ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ನಡೆದಿರುತ್ತಾರೆ. ಹೊರಳು-ಹೊರಳಾಡು, ತೂಗು-ತೂಗಾಡು, ತಡಕು-ತಡಕಾಡು, ಎಲ್ಲದರ ಹಣೆಬರಹವೂ ಇದೇ.

ಈಗ ಎರಡನ್ನೂ ಕೂಡಿಸಿ. ಅಡ್ಡಡ್ಡಕ್ಕೆ, ಗುರಿಯಿಲ್ಲದೆ, ಅತ್ತಿಂದಿತ್ತ. ನಿಘಂಟು ಇದಕ್ಕೆ ಸುಮ್ಮನೆ ತಿರುಗಾಡು ಎಂದು ಸಾಧುವಾಗಿ ಅರ್ಥ ಕೊಡುತ್ತದೆ. ಧಾರವಾಡದ ಕಡೆ 'ಅಡ್ಡ್ಯಾಡಾಕ ಹೊಂಟೀರೇನ್ರಿ?' ಎಂದು ಕೇಳಿದರೆ ಅದರಲ್ಲಿ ಬೈಗುಳದ ಸೋಂಕೂ ಇಲ್ಲ, ಇರುವುದು ಅಕ್ಕರೆ. ಆದರೂ ಪದದ ಮೂಳೆ ಮುಟ್ಟಿ ನೋಡಿದರೆ ಒಂದು ಗುಮಾನಿ ಗಟ್ಟಿಯಾಗುತ್ತದೆ. ಈ ಪದ ಕಟ್ಟಿದವರು ವಿಹಾರಕ್ಕೆ ಹೋದವರಾಗಿರಲಿಕ್ಕಿಲ್ಲ, ಅವರ ಹಿಂದೆ ಸಿಕ್ಕಿಹಾಕಿಕೊಂಡವರೇ ಇರಬೇಕು. ವಿಹಾರಕ್ಕೆ ಹೋದವರಿಗೆ ತಾವು ಯಾರಿಗೋ ಅಡ್ಡ ಎಂಬುದು ಗೊತ್ತಾಗುವುದಾದರೂ ಹೇಗೆ? ಅದು ಹಿಂದಿನಿಂದ ಮಾತ್ರ ಕಾಣುವ ಸಂಗತಿ.

ನಡಿಗೆಯ ಉಳಿದ ಪದಗಳೂ ಹೀಗೆಯೇ. ಬಹುಪಾಲು ಪದಗಳು ನೋಡಿದವರವು, ನಡೆದವರವಲ್ಲ. 'ನಾನು ದುಡುದುಡು ನಡೆದು ಬಂದೆ' ಎಂದು ತನ್ನ ಬಗ್ಗೆ ಯಾರೂ ಹೇಳಿಕೊಳ್ಳುವುದಿಲ್ಲ. ಅದನ್ನು ಹೇಳಲು ಇನ್ನೊಬ್ಬರು ಕಿಟಕಿಯಲ್ಲಿ ನಿಂತಿರಬೇಕು. ಸರಸರ, ಬಿರಬಿರ, ದಡದಡ, ದುಡುದುಡು, ಇವಕ್ಕೆ ವ್ಯಾಕರಣದಲ್ಲಿ ಅನುಕರಣಾವ್ಯಯ ಎಂಬ ಗಂಭೀರ ಹೆಸರಿದೆ. ಆದರೆ ಒಂದರ ಜಾಗದಲ್ಲಿ ಇನ್ನೊಂದನ್ನು ಕೂರಿಸಲು ಹೋಗಿ ನೋಡಿ, ಕೂರುವುದಿಲ್ಲ. ಸರಸರ ಹೋದವರು ಕೆಲಸದ ಮೇಲೆ ಹೋಗಿದ್ದಾರೆ. ಬಿರಬಿರನೆ ಹೋದವರು ಯಾರದೋ ಮಾತಿಗೆ ಮುನಿಸಿಕೊಂಡು ಎದ್ದಿದ್ದಾರೆ; ಕಾಲು ಮುಂದಕ್ಕೆ, ಕಿವಿ ಮಾತ್ರ ಯಾರಾದರೂ ಕರೆದಾರೇ ಎಂದು ಹಿಂದಕ್ಕೆ. ದಡದಡ ಎಂದರೆ ಅಲ್ಲೊಂದು ಮೆಟ್ಟಿಲಿದೆ, ಕೆಳಗಿನ ಮನೆಯಲ್ಲಿ ತಲೆನೋವಿನವರಿದ್ದಾರೆ. ದುಡುದುಡು ನಡೆಯಬೇಕಾದರೆ ವಯಸ್ಸು ಎರಡರೊಳಗಿರಬೇಕು, ಇಲ್ಲವೇ ಸೊಂಟದ ಅಳತೆ ನಲವತ್ತು ದಾಟಿರಬೇಕು.

ಹಿಂದೆ ನಿಲ್ಲದೆ ಪಕ್ಕಕ್ಕೆ ಕುಳಿತು ಹೆಸರಿಟ್ಟವರು ಕವಿಗಳು. ಅದಕ್ಕೇ ಅವರ ಪದಗಳಲ್ಲಿ ಸಿಟ್ಟಿಲ್ಲ, ವಾಸ್ತವವೂ ಅಷ್ಟಕ್ಕಷ್ಟೆ. ಗಜಗಮನ ಎಂದರೆ ನಿಧಾನ, ಗಂಭೀರ, ಚೆಲುವು. ಆನೆಗೆ ಮನಸ್ಸಾದರೆ ಗಂಟೆಗೆ 24 ಕಿಲೋಮೀಟರ್ ಮೀರಿ ಹೋಗಬಲ್ಲದು. ಸಾಮಾನ್ಯ ಮನುಷ್ಯ ಓಡಿ ತಪ್ಪಿಸಿಕೊಳ್ಳುವುದು ಅನುಮಾನ. ಅಷ್ಟು ವೇಗದಲ್ಲೂ ಅದು ಕುದುರೆಯಂತೆ ನಾಲ್ಕೂ ಕಾಲನ್ನು ಒಟ್ಟಿಗೆ ನೆಲದಿಂದ ಎತ್ತುವುದಿಲ್ಲ, ಅದೊಂದು ಗಾಂಭೀರ್ಯ ಒಪ್ಪತಕ್ಕದ್ದೇ. ಹಂಸಗಮನೆ ಎಂದು ಹೊಗಳಿಸಿಕೊಂಡ ಹೆಂಗಸರು ಹಂಸ ನೆಲದ ಮೇಲೆ ನಡೆಯುವುದನ್ನು ನೋಡಿರಲಿಕ್ಕಿಲ್ಲ. ಕಾಲು ಈಜಲೆಂದು ಹಿಂದಕ್ಕೆ ಕೂತಿರುವ ಹಕ್ಕಿ ಅದು. ನೀರಿನಲ್ಲಿ ಎಷ್ಟು ಲಾವಣ್ಯವೋ ನೆಲದ ಮೇಲೆ ಅಷ್ಟೇ ತೊನೆದಾಟ, ಎರಡೂ ಕೈಯಲ್ಲಿ ಕೊಡ ಹಿಡಿದವರ ಹಾಗೆ.

ನಾಗಾಲೋಟದ ಬಗ್ಗೆಯೂ ಒಂದು ಮಾತು, ಏಕೆಂದರೆ ಇದರಲ್ಲಿ ಹಾವನ್ನು ಕಾಣುವವರು ಇದ್ದಾರೆ. ಹಾವಿಗೆ ಕಾಲಿಲ್ಲ ಎಂಬ ಚಿಕ್ಕ ತೊಡಕು ಅವರಿಗೆ ಕಾಡಿಲ್ಲ. ನಾಲ್ಕು ಕಾಲು, ನಾಲ್ಗಾಲು, ನಾಗಾಲು. ಕುದುರೆಯ ಓಟ ಅದು. ಕಾಲು ಗಾಲಾಗುವುದು ಮಳೆಗಾಲದಲ್ಲಿ ಕಾಲ ಗಾಲವಾದ ಹಾಗೆಯೇ, ಆದೇಶಸಂಧಿ. ದಾಪುಗಾಲು, ತುದಿಗಾಲು ಎಲ್ಲ ಅದೇ ಅಚ್ಚಿನವು.

ಎಲ್ಲಕ್ಕಿಂತ ಮೇಲೆ, ನಮ್ಮಲ್ಲಿ ನಡಿಗೆಗೂ ನಡತೆಗೂ ಒಂದೇ ಬೇರು. ನಡೆ ಎಂಬ ಧಾತುವಿಗೆ ತಮಿಳು, ಮಲಯಾಳ, ತೆಲುಗು, ತುಳುಗಳಲ್ಲೂ ಒಡಹುಟ್ಟುಗಳಿವೆ. ಕನ್ನಡದಲ್ಲಿ ಅದರಿಂದ ನಡಿಗೆಯೂ ಬಂತು, ನಡತೆ, ನಡವಳಿಕೆ, ನಡೆನುಡಿಗಳೂ ಬಂದವು. ಸಂಸ್ಕೃತದ ಚರ್ ಧಾತುವೂ ಹಾಗೆಯೇ, ಪಾದಚಾರಿಯೂ ಅದರಿಂದಲೇ, ಆಚಾರವೂ ಅದರಿಂದಲೇ. ಎಂದಮೇಲೆ ನಡತೆಯ ಪ್ರಮಾಣಪತ್ರ ಕೊಡುವ ಮುನ್ನ ಅಭ್ಯರ್ಥಿಯನ್ನು ಒಂದು ಕಿರಿದಾದ ಕಾಲುದಾರಿಯಲ್ಲಿ ಹತ್ತು ಮಾರು ನಡೆಸಿ, ಹಿಂದೆ ಒಬ್ಬ ಅವಸರದವನನ್ನು ಬಿಟ್ಟು ನೋಡಬೇಕು. ಗತಿ ಎಂಬ ಪದವಂತೂ ನಡೆಯ ರೀತಿಗೂ ಹಣೆಬರಹಕ್ಕೂ ಒಂದೇ. ಮುಂದಿನವರದು ಮಂದಗತಿಯಾದರೆ ಹಿಂದಿನವರಿಗೆ ಏನು ಗತಿ?

ಈ ಗತಿಯನ್ನು ಲೆಕ್ಕ ಹಾಕಿ ತೋರಿಸಬಹುದು. ಆರೋಗ್ಯವಂತರ ಸಾಧಾರಣ ನಡಿಗೆ ಗಂಟೆಗೆ 5 ಕಿಲೋಮೀಟರ್, ಅಂದರೆ ಸೆಕೆಂಡಿಗೆ ಸುಮಾರು 1.4 ಮೀಟರ್. ಅಡ್ಡಾಡುವವರು 3 ಕಿಲೋಮೀಟರಿನಲ್ಲಿದ್ದಾರೆ ಎನ್ನಿ. ಅವರ ಒಂದು ಮೀಟರ್ ಹಿಂದಿನಿಂದ ಹೊರಟು ಒಂದು ಮೀಟರಿಗಿಂತ ತುಸು ಮುಂದೆ ಸೇರಲು ನಿಮಗೆ 4 ಸೆಕೆಂಡು ಬೇಕು. ಆ 4 ಸೆಕೆಂಡಿನಲ್ಲಿ ನೀವು ಐದೂವರೆ ಮೀಟರ್ ನಡೆದಿರುತ್ತೀರಿ. ಹಾಗಾಗಿ ಬೇಕಿರುವುದು ಐದೂವರೆ ಮೀಟರ್ ಉದ್ದದ, ಖಾಲಿಯಾದ, ಎದುರಿನಿಂದ ಯಾರೂ ಬಾರದ ಪಕ್ಕದ ಸಾಲು. ಇಷ್ಟು ಉದ್ದಕ್ಕೆ ಒಂದು ಮರ, ಒಂದು ಕಂಬ ಅಥವಾ ಒಂದು ಸ್ಕೂಟರ್ ಅಡ್ಡ ಇಲ್ಲದ ಕಾಲುದಾರಿಯನ್ನು ಯಾರಾದರೂ ಕಂಡಿದ್ದರೆ ಅದು ಉದ್ಘಾಟನೆಯ ದಿನ ಇರಬೇಕು. ಆದ್ದರಿಂದಲೇ ದಾಟುವ ಪ್ರಯತ್ನ ಅರ್ಧಕ್ಕೆ ನಿಂತು, ನೀವು ಕಂಬದ ಮುಂದೆ ಬ್ರೇಕು ಹಾಕಿ, ಮತ್ತೆ ಅದೇ ಬೆನ್ನಿನ ಹಿಂದಕ್ಕೆ ಬಂದು ನಿಲ್ಲುವುದು. ಈ ಹೊತ್ತಿಗೆ ಆ ಅಂಗಿಯ ಹೊಲಿಗೆ ಎಲ್ಲಿ ಬಿಟ್ಟಿದೆ ಎಂಬುದು ಬಾಯಿಪಾಠವಾಗಿರುತ್ತದೆ.

ಇದು ಒಬ್ಬರಿದ್ದಾಗ. ಮೂವರು ಗೆಳೆಯರು ಒಟ್ಟಿಗೆ ಹೊರಟರೆ ವಿಜ್ಞಾನವೇ ಬೇರೆ. ತೂಗಾಡುವ ಕೈಯೂ ಸೇರಿ ಒಬ್ಬರಿಗೆ ಅಂದಾಜು 60 ಸೆಂಟಿಮೀಟರ್ ಜಾಗ ಬೇಕು. ರಸ್ತೆಗಳ ಅಳತೆ ಗೊತ್ತುಮಾಡುವ ಸಂಸ್ಥೆಯಾದ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿ ಪಾದಚಾರಿ ಮಾರ್ಗಕ್ಕೆ ಕನಿಷ್ಠ 1.8 ಮೀಟರ್ ತೆರವಾದ ಅಗಲ ಇರಬೇಕು ಎನ್ನುತ್ತದೆ. ಮೂರನ್ನು ಅರವತ್ತರಿಂದ ಗುಣಿಸಿ. ಒಂದು ಕೂದಲೆಳೆಯೂ ಉಳಿಯುವುದಿಲ್ಲ. ಜನ ಸ್ವಲ್ಪ ಹೆಚ್ಚಾದಾಗ ಈ ಮೂವರು ತಾವಾಗಿಯೇ ಒಂದು ಆಕಾರಕ್ಕೆ ಬರುತ್ತಾರೆ, ಜನಸಂದಣಿಯನ್ನು ಅಳೆದು ನೋಡಿದವರು ಇದನ್ನು ಗುರುತಿಸಿದ್ದಾರೆ: ನಡುವಿನವರು ಅರ್ಧ ಹೆಜ್ಜೆ ಹಿಂದೆ, ಅಕ್ಕಪಕ್ಕದವರು ಅರ್ಧ ಹೆಜ್ಜೆ ಮುಂದೆ. ಹಾಗಿದ್ದರೆ ಮೂವರಿಗೂ ಮೂವರ ಮುಖ ಕಾಣುತ್ತದೆ, ಮಾತಿಗೆ ಅನುಕೂಲ. ವಲಸೆ ಹೋಗುವ ಹಂಸಗಳ ಸಾಲು ಇದರ ತಿರುವುಮುರುವು, ಅಲ್ಲಿ ಚೂಪು ತುದಿ ಮುಂದಿರುತ್ತದೆ, ಗಾಳಿಯನ್ನು ಸೀಳಿಕೊಂಡು ಹೋಗುತ್ತದೆ. ನಮ್ಮವರ ಸಾಲು ಮುಂದಕ್ಕೆ ಬಾಯಿ ತೆರೆದ ಬಲೆ. ಎದುರಿನಿಂದ ಬಂದವರು ನೇರ ಅದರ ಹೊಟ್ಟೆಗೆ ಬೀಳುತ್ತಾರೆ, ಮೂವರೂ ಅವರನ್ನು ಸುತ್ತುವರಿದು 'ಅರೆ, ನೋಡ್ಕೊಂಡು ಬರಬಾರದಾ' ಎನ್ನುತ್ತಾರೆ.

ಮೊಬೈಲಿಗೆ ಕನ್ನಡದಲ್ಲಿ ಜಂಗಮವಾಣಿ ಎಂದು ಹೆಸರಿಟ್ಟವರ ಪಾಂಡಿತ್ಯಕ್ಕೆ ಕೈಮುಗಿಯಬೇಕು, ಮುಂದಾಲೋಚನೆಗೆ ಅಲ್ಲ. ಜಂಗಮ ಎಂದರೆ ಚಲಿಸುವುದು, ಹೋಗು ಎಂಬರ್ಥದ ಗಮ್ ಧಾತು ಎರಡಾಗಿ ಮಡಚಿಕೊಂಡು ಹುಟ್ಟಿದ ಪದ, ಹೋಗುತ್ತಲೇ ಇರುವುದು. ಈಗ ನೋಡಿದರೆ ವಾಣಿ ಜಂಗಮವಾಗಿದೆ, ಅದನ್ನು ಹಿಡಿದ ಮನುಷ್ಯ ಸ್ಥಾವರ. ನಡೆಯುತ್ತ ಬೆರಳಾಡಿಸುವವರ ಹೆಜ್ಜೆ ಗಿಡ್ಡವಾಗುತ್ತದೆ, ವೇಗ ಇಳಿಯುತ್ತದೆ, ದಾರಿ ಅಂಕುಡೊಂಕಾಗುತ್ತದೆ. ಇಷ್ಟನ್ನು ಸಹಿಸಬಹುದು. ಸಹಿಸಲಾಗದ್ದು ಸಂದೇಶ ಬಂದ ಕ್ಷಣ. ಟಿಂಗ್ ಎಂದೊಡನೆ ಎರಡೂ ಕಾಲು ನೆಲಕ್ಕೆ ಬೇರು ಬಿಡುತ್ತವೆ. ಸೂಚನೆ ಇಲ್ಲ, ಹಿಂದೆ ಕೆಂಪು ದೀಪ ಇಲ್ಲ. ಹಿಂದಿನವರಿಗೆ ವಿಷಯ ತಲೆಗೆ ಹೋಗಲು ಅರ್ಧ ಸೆಕೆಂಡು, ಅಷ್ಟರಲ್ಲಿ 70 ಸೆಂಟಿಮೀಟರ್ ನಡೆದಾಯಿತು. ಮೈಯ ಓಘ ತಡೆಯಲು ಇನ್ನೂ ಒಂದು ಹೆಜ್ಜೆ. ಒಂದೂವರೆ ಮೀಟರಿಗಿಂತ ಹತ್ತಿರ ಇದ್ದವರ ಮೂಗು ಎದುರಿನ ಹೆಗಲಿಗೆ. ಡಿಕ್ಕಿ ಹೊಡೆಸಿಕೊಂಡವರು ತಿರುಗಿ ನೋಡುವ ನೋಟ ಇದೆಯಲ್ಲ, ನೀವೇ ಅವರ ಮನೆಗೆ ನುಗ್ಗಿದಿರಿ ಎಂಬ ಹಾಗೆ.

ಅವರಿಗೂ ಶಾಸ್ತಿ ಇಲ್ಲದಿಲ್ಲ. ಕಾಲು ಬೀಸುವಾಗ ಹೆಬ್ಬೆರಳಿನ ತುದಿಗೂ ನೆಲಕ್ಕೂ ನಡುವೆ ಉಳಿಯುವ ಸಂದು ಕೇವಲ ಒಂದೆರಡು ಸೆಂಟಿಮೀಟರ್. ನಾವು ಕಾಲೆತ್ತಿ ನಡೆಯುತ್ತೇವೆ ಎಂದುಕೊಂಡಿರುವುದೆಲ್ಲ ಭ್ರಮೆ. ನೆಲವನ್ನು ಸವರಿಕೊಂಡೇ ಹೋಗುತ್ತೇವೆ. ಆದ್ದರಿಂದ ಎಡವಲು ಬಂಡೆ ಬೇಡ, ಎರಡು ಸೆಂಟಿಮೀಟರ್ ಎದ್ದ ಚಪ್ಪಡಿ ಸಾಕು. ತಲೆ ಕೆಳಗೆ ಬಾಗಿದ್ದರೂ ಕಣ್ಣು ಪರದೆಯ ಮೇಲಿರುವುದರಿಂದ ಚಪ್ಪಡಿ ಕಾಣುವುದಿಲ್ಲ. ಎಡವಿದವರು ಮುಂದೆ ಮಾಡುವುದು ಎರಡೇ ಕೆಲಸ. ಮೂರು ಹೆಜ್ಜೆ ಓಡಿದಂತೆ ಮಾಡಿ, ಇದು ತಮ್ಮ ಯೋಜನೆಯಲ್ಲೇ ಇತ್ತು ಎಂದು ತೋರಿಸುವುದು. ಆಮೇಲೆ ತಿರುಗಿ ಆ ಕಲ್ಲನ್ನು ದುರುಗುಟ್ಟಿ ನೋಡುವುದು. ಕಲ್ಲು ಇದುವರೆಗೆ ಯಾರ ಕ್ಷಮೆಯನ್ನೂ ಕೇಳಿಲ್ಲ.

ಆದರೆ ಅಡ್ಡಾಟದ ತುತ್ತತುದಿ ಹಿಂದೆ ನಡೆಯುವುದರಲ್ಲಿಲ್ಲ, ಎದುರುಬದುರಾಗುವುದರಲ್ಲಿದೆ. ಓಣಿ ಕಿರಿದು. ಆ ತುದಿಯಿಂದ ಅವರು, ಈ ತುದಿಯಿಂದ ನೀವು. ಇಬ್ಬರ ವೇಗ ಸೇರಿ ನಡುವಿನ ಅಂತರ ಸೆಕೆಂಡಿಗೆ 2.8 ಮೀಟರಿನಂತೆ ಕರಗುತ್ತಿದೆ. ನಾಲ್ಕು ಮೀಟರ್ ಇದ್ದಾಗ ಕಣ್ಣು ಕೂಡಿದರೆ ಉಳಿದಿರುವುದು ಒಂದೂವರೆ ಸೆಕೆಂಡು, ಮೂರೇ ಹೆಜ್ಜೆ. ನೀವು ಸಜ್ಜನರು, ನಿಮ್ಮ ಎಡಕ್ಕೆ ಸರಿಯುತ್ತೀರಿ. ಅವರೂ ಸಜ್ಜನರು, ತಮ್ಮ ಬಲಕ್ಕೆ ಸರಿಯುತ್ತಾರೆ. ಅದೇ ಗೋಡೆ. ಇಬ್ಬರಿಗೂ ತಪ್ಪು ಅರಿವಾಗುತ್ತದೆ, ಅದೂ ಒಂದೇ ಕ್ಷಣದಲ್ಲಿ, ಏಕೆಂದರೆ ದೇವರು ಇಬ್ಬರಿಗೂ ಒಂದೇ ಅಳತೆಯ ಚುರುಕು ಕೊಟ್ಟಿದ್ದಾನೆ. ಇಬ್ಬರೂ ಈಚೆಗೆ. ಈ ಗೋಡೆ. ಈಗ ಇಬ್ಬರ ಮುಖದಲ್ಲೂ ಒಂದು ಪೆಚ್ಚು ನಗೆ. ಮೂರನೆಯ ಸಲ ನೀವು ಜಾಣತನ ಮಾಡುತ್ತೀರಿ: 'ಅವರು ಸರಿಯಲಿ, ನಾನು ಇಲ್ಲೇ ಇರುತ್ತೇನೆ.' ಆ ಜಾಣತನ ಅವರಿಗೂ ಹೊಳೆದಿದೆ. ಇಬ್ಬರೂ ಕಂಬದಂತೆ ನಿಂತಿದ್ದಾರೆ. 'ಹೋಗಿ, ಹೋಗಿ.' 'ಇಲ್ಲ, ಇಲ್ಲ, ನೀವು ಹೋಗಿ.' 'ಪರವಾಗಿಲ್ಲ, ನೀವು ಬನ್ನಿ.' ಇಬ್ಬರೂ ಒಟ್ಟಿಗೆ ಹೊರಡುತ್ತಾರೆ. ಮತ್ತೆ ಗೋಡೆ. ಯಾವ ತಾಳಕ್ಕೂ ಕೂರದ, ಗೆಜ್ಜೆಯಿಲ್ಲದ ಈ ಕುಣಿತಕ್ಕೆ ಅಡ್ಡಾಡು ಎಂಬುದಕ್ಕಿಂತ ಒಪ್ಪುವ ಪದವಿಲ್ಲ. ಅಡ್ಡವೂ ಇದೆ, ಆಟವೂ ಇದೆ, ಮಾತಾಟವೂ ಸೇರಿದೆ. ಕೊನೆಗೆ ಒಬ್ಬರು ಇನ್ನೊಬ್ಬರ ತೋಳು ಹಿಡಿದು, ಮೇಜು ಸರಿಸಿದ ಹಾಗೆ ಪಕ್ಕಕ್ಕೆ ಸರಿಸಿ ದಾಟಬೇಕಾಗುತ್ತದೆ. ಅಷ್ಟು ಆತ್ಮೀಯತೆ ಆದಮೇಲೆ ಸಂಜೆ ಅದೇ ಓಣಿಯಲ್ಲಿ ಮತ್ತೆ ಎದುರಾದರೆ ನಗಬೇಕೋ ಬೇಡವೋ ತಿಳಿಯದು.

ಇದಕ್ಕೆ ಮದ್ದು ಇದೆ, ಸುಲಭದ್ದೇ. ಎದುರಿನವರ ಮುಖ ನೋಡಬಾರದು. ಮುಖ ನೋಡಿದರೆ ಇಬ್ಬರೂ ಒಬ್ಬರ ಅಪ್ಪಣೆಗೆ ಇನ್ನೊಬ್ಬರು ಕಾಯುತ್ತಾರೆ. ನೀವು ದಾಟಬೇಕೆಂದಿರುವ ಸಂದಿನ ಕಡೆಗೇ ದೃಷ್ಟಿ ನೆಟ್ಟು, ನಾಲ್ಕು ಮೀಟರ್ ಇರುವಾಗಲೇ ಹೆಗಲನ್ನು ಸ್ವಲ್ಪ ಓರೆ ಮಾಡಿ, ಆಮೇಲೆ ಮನಸ್ಸು ಬದಲಿಸದೆ ಹೋಗಬೇಕು. ಎದುರಿನವರು ಅದನ್ನು ಓದಿಕೊಂಡು ತಾವೇ ಆಚೆ ಸರಿಯುತ್ತಾರೆ. ನಾಚಿಕೆ ಸ್ವಭಾವದವರಿಗೆ ಇದು ಕಷ್ಟ. ಅಂಥವರು ನಿಂತು ಜೇಬು ತಡಕಾಡಬಹುದು. ಗುದ್ದಾಟದ ಭಯವೇ ಇಲ್ಲದ ನಡಿಗೆ ಎಂದರೆ ಪ್ರದಕ್ಷಿಣೆ. ದಕ್ಷಿಣ ಎಂದರೆ ಬಲ. ದೇವರನ್ನು ಬಲಕ್ಕೆ ಇಟ್ಟುಕೊಂಡು ಸುತ್ತಬೇಕು ಎಂಬ ಒಂದೇ ನಿಯಮದಿಂದ ಎಲ್ಲರೂ ಒಂದೇ ದಿಕ್ಕಿಗೆ ಹೋಗುತ್ತಾರೆ. ಪದದೊಳಗೇ ಸಂಚಾರ ನಿಯಮ ಇಟ್ಟಿರುವುದು ನೋಡಿ.

ಇತ್ತೀಚೆಗೆ ಅಡ್ಡಾಡುವವರು ಕಡಿಮೆಯಾಗಿದ್ದಾರೆ, 'ವಾಕಿಂಗ್ ಮಾಡುವವರು' ಹೆಚ್ಚಾಗಿದ್ದಾರೆ. ನಡೆಯುವುದನ್ನೂ ಒಂದು ಮಾಡುವ ಕೆಲಸವಾಗಿಸಿಕೊಂಡವರು ಇವರು. ದಿನಕ್ಕೆ 10,000 ಹೆಜ್ಜೆ. ಈ ಸಂಖ್ಯೆ ವೈದ್ಯರ ಚೀಟಿಯಿಂದ ಬಂದದ್ದಲ್ಲ. 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ, ಹೆಜ್ಜೆ ಎಣಿಸುವ ಒಂದು ಯಂತ್ರಕ್ಕೆ 'ಮಾನ್‌ಪೊ-ಕೇ' ಎಂದು ಹೆಸರಿಟ್ಟರು, ಹತ್ತು ಸಾವಿರ ಹೆಜ್ಜೆಯ ಮಾಪಕ ಎಂದರ್ಥ. ಹೆಸರು ಬಾಯಿಗೆ ಚೆನ್ನಾಗಿ ಕೂತಿತು, ಆಮೇಲೆ ಕಾಲಿಗೂ ಬಂತು. ನಿಮಿಷಕ್ಕೆ ನೂರು ಹೆಜ್ಜೆ ಹಾಕಿದರೆ ಒಂದು ಗಂಟೆ ನಲವತ್ತು ನಿಮಿಷದ ಕೆಲಸ ಅದು. ಅದಕ್ಕೇ ರಾತ್ರಿ ಹನ್ನೊಂದಕ್ಕೆ ಸೋಫಾ ಸುತ್ತ ಕೆಲವರು ಗಿರಕಿ ಹೊಡೆಯುತ್ತಿರುತ್ತಾರೆ. ಇನ್ನೂ ಜಾಣರು ಕುಳಿತಲ್ಲೇ ಕೈ ಬೀಸುತ್ತಾರೆ, ಗಡಿಯಾರ ಅದನ್ನೂ ನಡಿಗೆ ಎಂದು ನಂಬುತ್ತದೆ.

ಅಡ್ಡಾಡುವುದಕ್ಕೆ ಲೆಕ್ಕ ಇರಲಿಲ್ಲ. 'ಎಲ್ಲಿಗೆ ಹೋಗಿದ್ದೆ?' ಎಂದರೆ 'ಇಲ್ಲೇ, ಸುಮ್ನೆ ಅಡ್ಡಾಡಿ ಬಂದೆ' ಎಂದು ಹೇಳಬಹುದಿತ್ತು, ಆ ಉತ್ತರಕ್ಕೆ ಮರುಪ್ರಶ್ನೆ ಬರುತ್ತಿರಲಿಲ್ಲ. ಈಗ ಹಾಗೆಂದರೆ ಹುಷಾರಿಲ್ಲವೇನೋ ಎಂದು ಹಣೆ ಮುಟ್ಟಿ ನೋಡುತ್ತಾರೆ.

ಇನ್ನೊಂದು ಸಂಗತಿಯೂ ಇದೆ. ಬೆನ್ನಿಗೆ ವಯಸ್ಸು ಬರೆದಿರುವುದಿಲ್ಲ. ಹಲ್ಲು ಕಚ್ಚಿಕೊಂಡು ಕೊನೆಗೂ ದಾಟಿ, ಯಾರಪ್ಪ ಇದು ಎಂದು ಓರೆಗಣ್ಣಲ್ಲಿ ನೋಡಿದರೆ, ಕೆಲವು ಸಲ ಅಲ್ಲಿ ಎಪ್ಪತ್ತೈದರ ಮುಖ ಇರುತ್ತದೆ, ಒಂದು ಕೈ ಗೋಡೆಯನ್ನು ಸವರಿಕೊಂಡು ಬರುತ್ತಿರುತ್ತದೆ. ನಡೆಯುವಾಗ ಎರಡೂ ಪಾದ ಒಟ್ಟಿಗೆ ನೆಲದ ಮೇಲಿರುವ ಹೊತ್ತು ಬಹಳ ಕಡಿಮೆ, ಐದರಲ್ಲಿ ಒಂದು ಪಾಲು. ಉಳಿದ ಹೊತ್ತೆಲ್ಲ ಒಂಟಿಕಾಲಿನ ಸರ್ಕಸ್ಸು. ವಯಸ್ಸಾದ ಮೈ ಆ ಸರ್ಕಸ್ಸನ್ನು ನಂಬುವುದಿಲ್ಲ. ಹೆಜ್ಜೆ ಗಿಡ್ಡ ಮಾಡಿ, ಎರಡು ಕಾಲಿನ ಹೊತ್ತನ್ನು ಹಿಗ್ಗಿಸಿಕೊಳ್ಳುತ್ತದೆ. ಒಂದು ವರ್ಷದ ಮಗು ತಪ್ಪುಹೆಜ್ಜೆ ಇಡುವಾಗಲೂ ಇದನ್ನೇ ಮಾಡುತ್ತದೆ, ಕಾಲು ಅಗಲಿಸಿ, ಕೈ ಮೇಲೆತ್ತಿ. ಅದು ಅಡ್ಡ ಬಂದರೆ ನಾವು ಕುಕ್ಕರುಗಾಲಲ್ಲಿ ಕೂತು ಚಪ್ಪಾಳೆ ತಟ್ಟುತ್ತೇವೆ.

ಊರುಗೋಲಿನ ಊರು ನಾವು ವಾಸಿಸುವ ಊರಲ್ಲ, ನೆಲಕ್ಕೆ ಊರುವ ಊರು. ಊರುವುದನ್ನೂ ಬಹಳ ಜನ ತಪ್ಪು ಊರುತ್ತಾರೆ. ಬಲಮಂಡಿ ನೋಯುತ್ತಿದ್ದರೆ ಕೋಲು ಎಡಗೈಯಲ್ಲಿರಬೇಕು. ನೋಯುವ ಕಾಲು ಮುಂದೆ ಹೋದಾಗ ಕೋಲೂ ಜೊತೆಗೆ ಹೋಗಬೇಕು. ಕೈ ಇಳಿಬಿಟ್ಟು ನಿಂತಾಗ ಹಿಡಿಯ ಎತ್ತರ ಮಣಿಕಟ್ಟಿನ ಗೆರೆಗೆ ಬಂದರೆ ಸರಿ, ಹಿಡಿದಾಗ ಮೊಣಕೈ ತುಸು ಮಡಚಿರುತ್ತದೆ. ನೋಯುವ ಕಡೆಗೇ ಕೋಲು ಹಿಡಿದರೆ ಮೈ ಆ ಕಡೆಗೇ ವಾಲಿ, ಭಾರವೆಲ್ಲ ಅದೇ ಮಂಡಿಗೆ. ಹಾಗೆ ಹಿಡಿದವರ ನಡಿಗೆ ಅಡ್ಡಡ್ಡಕ್ಕೆ ಹೋಗುವುದು ಅವರ ತಪ್ಪಲ್ಲ, ಹೇಳಿಕೊಡದವರದು.

ನಡಿಗೆಯ ಹೆಸರು ಬದಲಾಗಲು ವಯಸ್ಸೇ ಆಗಬೇಕೆಂದಿಲ್ಲ. ರಬ್ಬರ್ ಚಪ್ಪಲಿಯ ಬಾರು ಸಾಕು. ಬಾರಿನ ಮುಂತುದಿಯಲ್ಲಿ ಒಂದು ಗುಂಡಿ ಇರುತ್ತದೆ, ಅಟ್ಟೆಯ ತೂತಿನಿಂದ ಇಳಿದು ಕೆಳಗೆ ಕಚ್ಚಿಕೊಂಡಿರುತ್ತದೆ. ಸವೆದು ಸವೆದು ತೂತು ದೊಡ್ಡದಾದ ಮೇಲೆ, ಕೆಸರು ಅಟ್ಟೆಯನ್ನು ಹಿಡಿದೆಳೆದಾಗಲೋ ಹಿಂದಿನವರು ಅದನ್ನು ತುಳಿದಾಗಲೋ ಗುಂಡಿ ಪುಸಕ್ಕೆಂದು ಹೊರಬರುತ್ತದೆ. ಪಾದ ಮುಂದೆ ಹೋಯಿತು, ಚಪ್ಪಲಿ ಹಿಂದೆ ಉಳಿಯಿತು. ಗುಂಡಿಯನ್ನು ಒದ್ದೆ ಮಾಡಿ, ಓರೆಯಾಗಿ ತೂತಿಗೆ ತುರುಕಿ, ಕೆಳಗಿನಿಂದ ತಿರುಚಿ ಎಳೆದರೆ ಮತ್ತೆ ಕೂರುತ್ತದೆ, ಹತ್ತು ಹೆಜ್ಜೆಯ ಮಟ್ಟಿಗೆ. ಮನೆ ಮುಟ್ಟಬೇಕಾದರೆ ಒಂದು ಸೇಫ್ಟಿ ಪಿನ್ ಬೇಕು. ಗುಂಡಿಗೂ ಅಟ್ಟೆಗೂ ನಡುವೆ, ಬಾರಿನ ಕುತ್ತಿಗೆಗೆ ಅದನ್ನು ಅಡ್ಡ ಚುಚ್ಚಬೇಕು. ಪಿನ್ ಇಲ್ಲದಿದ್ದರೆ ಬೆರಳುಗಳನ್ನು ಕೊಕ್ಕೆಯಂತೆ ಮಡಚಿ, ಅಟ್ಟೆಯನ್ನು ನೆಲದಿಂದ ಎತ್ತದೆ ಎಳೆದುಕೊಂಡೇ ಹೋಗಬೇಕು. ಎಡಕ್ಕೆ ಸ್ವಲ್ಪ, ಬಲಕ್ಕೆ ಸ್ವಲ್ಪ, ನಡುನಡುವೆ ನಿಂತು. ಕಾಲುದಾರಿ ಕಿರಿದು. ಹಿಂದೆ ಯಾರೋ ಗಂಟಲು ಸರಿಮಾಡಿಕೊಳ್ಳುತ್ತಿದ್ದಾರೆ.